ನಾಲ್ಕನೆಯ ಮೂಲೆ

ಉಪಕರಣ ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವ ದಿನ ನನ್ನ ಅಂಗಿ ಜೇಬಿನಲ್ಲಿ ಒಂದು ಬೇರಿಂಗ್ ಇರುತ್ತದೆ. 6203 ನಂಬರಿನದು. ನೀರಿನ ಮೋಟರು, ವಾಷಿಂಗ್ ಮೆಷಿನ್ನು, ಬೈಕಿನ ಚಕ್ರ ಅಂತ ಎಲ್ಲೆಲ್ಲೂ ಇರುವ ಬಡಪಾಯಿ ಸಾಮಾನು. ಹೊರಸುತ್ತಿನ ಅಡ್ಡಳತೆ 40 ಮಿಲಿಮೀಟರ್, ನಡುವಿನ ತೂತು 17. ಒಳ್ಳೆ ಕಂಪನಿಯದಾದರೆ ಆ ನಲವತ್ತರಲ್ಲಿ ಹೆಚ್ಚುಕಮ್ಮಿ ಆಗುವುದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಅಂಗಡಿಯವನು ಅಳೆಯುವ ವರ್ನಿಯರ್ ಕ್ಯಾಲಿಪರನ್ನು ಕೈಗಿತ್ತ ಕೂಡಲೇ ಬೇರಿಂಗನ್ನು ತೆಗೆದು ಅದರ ದವಡೆಗೆ ಕೊಡುತ್ತೇನೆ. 40.00 ತೋರಿಸಿದರೆ ಮುಂದಿನ ಮಾತು. 40.08 ಅಂದರೆ ಡಬ್ಬಿಯ ಮೇಲೆ ಯಾವ ಜಪಾನಿ ಹೆಸರಿದ್ದರೂ ವಾಪಸ್ಸು. ನನ್ನ ಹೆಂಡತಿ ಈ ಬೇರಿಂಗಿಗೆ ‘ನಿಮ್ಮ ಸಾಲಿಗ್ರಾಮ’ ಅನ್ನುತ್ತಾಳೆ.

ಇಷ್ಟು ಅನುಮಾನದ ಮನುಷ್ಯ ನಾನು ಮೊದಲಿನಿಂದ ಆಗಿರಲಿಲ್ಲ.

1980ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಗೆ ಸೇರಿದೆ, ಫಿಟ್ಟರ್ ಟ್ರೇಡು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಕಬ್ಬಿಣ ಅಂದರೆ ಕತ್ತಿ, ಹಾರೆ, ಗುದ್ದಲಿ ಅಷ್ಟೇ ಗೊತ್ತಿದ್ದ ಹುಡುಗ. ಅಪ್ಪಯ್ಯನಿಗೆ ಕಬ್ಬಿಣದ ಬಗ್ಗೆ ಪುಸ್ತಕದ ತಿಳಿವಳಿಕೆ ಇರಲಿಲ್ಲ. ಆದರೆ ಕಮ್ಮಾರಸಾಲೆಯಲ್ಲಿ ಅವರು ಕತ್ತಿ ಆರಿಸುವುದನ್ನು ನೋಡಬೇಕಿತ್ತು. ಹಿಡಿ ಹಾಕುವ ಮುಂಚೆ ಅಲಗನ್ನು ಬೆರಳತುದಿಯಲ್ಲಿ ತೂಗಿಬಿಟ್ಟು, ಇನ್ನೊಂದು ಕತ್ತಿಯ ಬೆನ್ನಿಂದ ಮೆಲ್ಲಗೆ ತಟ್ಟಿ, ಕಿವಿ ಕೊಟ್ಟು ಕೇಳುವರು. ಸದ್ದು ‘ಠಣ್’ ಅಂತ ಎಳೆದುಕೊಂಡು ಹೋಗಬೇಕು; ‘ಟಕ್’ ಅಂದರೆ ಒಳಗೆಲ್ಲೋ ಬಿರುಕು. ಆಮೇಲೆ ಬಾಯಿಯನ್ನು ಹೆಬ್ಬೆರಳಿನ ಉಗುರಿಗೆ ಒತ್ತುವುದು. ಜೀಪಿನ ಪಟ್ಟಾದಿಂದ ಬಡಿದದ್ದೋ, ಬರೀ ಸರಳಿನದ್ದೋ ಎಂದು ಎರಡೆರಡು ಸಲ ಕೇಳಿ, ಕಮ್ಮಾರನ ಮುಖ ನೋಡಿ, ಕೊನೆಗೆ ಒಂದನ್ನು ಎತ್ತಿಕೊಳ್ಳುವರು. ಅಂಥವರ ಮಗ ಐಟಿಐಗೆ ಬೇಕೆಂದು ಒಂದು ಮೂಲೆಮಟ್ಟ ಕೊಳ್ಳಲು ಹೋದಾಗ ಮಾಡಿದ್ದೇನು? ಪೇಟೆಯ ಅಂಗಡಿಯವನು ಹಳದಿ ಕಾಗದ ಬಿಚ್ಚಿ ತೋರಿಸಿದ. ಫಳಫಳ ಹೊಳೆಯುತ್ತಿತ್ತು. ಮಗ ತೆಗೆದುಕೊಂಡು ಬಂದ.

ಮೂಲೆಮಟ್ಟ ಅಂದರೆ ಬಡಗಿಗಳು ಇಟ್ಟುಕೊಳ್ಳುವಂಥದೇ, ಆದರೆ ಪೂರ್ತಿ ಉಕ್ಕಿನದು. ನಾವು ಟ್ರೈ ಸ್ಕ್ವೇರ್ ಅನ್ನುತ್ತಿದ್ದೆವು. ದಪ್ಪನೆಯ ಬುಡ, ಅದಕ್ಕೆ ನೆಟ್ಟಗೆ ಕೂರಿಸಿದ ತೆಳು ಅಲಗು. ಮೂಲೆ 90 ಡಿಗ್ರಿ ಇದೆಯೋ ಇಲ್ಲವೋ ಎಂದು ಹೇಳುವುದಷ್ಟೇ ಅದರ ಕೆಲಸ.

ನಮಗೆ ಕೊಟ್ಟ ಮೊದಮೊದಲ ಜಾಬು, ಮೈಲ್ಡ್ ಸ್ಟೀಲಿನ ತುಂಡೊಂದನ್ನು ಅರದಿಂದ ಉಜ್ಜಿ 50 ಮಿಲಿಮೀಟರಿನ ಘನ ಮಾಡುವುದು. ಹೇಳಲು ಒಂದೇ ಸಾಲು. ಮಾಡಲು ವಾರಗಟ್ಟಲೆ. ಅರವನ್ನು ಮುಂದಕ್ಕೆ ತಳ್ಳುವಾಗ ಮೊದಲು ಎಡಗೈ ಭಾರ ಹೆಚ್ಚಿರಬೇಕು, ನಡುವೆ ಎರಡೂ ಸಮ, ಕೊನೆಗೆ ಬಲಗೈ ಹೆಚ್ಚು. ಇಲ್ಲದಿದ್ದರೆ ಮೈ ಉಬ್ಬಿ ಕೋಳಿಮೊಟ್ಟೆಯಾಗುತ್ತದೆ. ಇನ್‌ಸ್ಟ್ರಕ್ಟರು ಮೊದಲ ದಿನ ಅರಗಳ ಹೆಸರು ಬರೆಸಿದರು: ರಫ್, ಬಾಸ್ಟರ್ಡ್, ಸೆಕೆಂಡ್ ಕಟ್, ಸ್ಮೂತ್. ಎರಡನೆಯ ಹೆಸರಿಗೆ ಪೇಟೆ ಹುಡುಗರು ಕಿಸಕ್ಕೆಂದರು. ನಮಗೆ, ಹಳ್ಳಿಯವರಿಗೆ, ಅದು ಯಾಕೆಂದು ಗೊತ್ತಾಗಲು ತಿಂಗಳು ಬೇಕಾಯಿತು.

ತುಂಡಿಗೆ ಗೆರೆ ಹಾಕಲು ಮೈಲುತುತ್ತದ ನೀರು ಹಚ್ಚುತ್ತಿದ್ದೆವು. ಅದೊಂದೇ ನನಗೆ ಊರಿನ ಪರಿಚಯದ ಸಾಮಾನು. ಕೊಳೆರೋಗಕ್ಕೆ ಸುಣ್ಣದ ಜೊತೆ ಕದಡಿ ಅಡಿಕೆ ಕೊನೆಗೆ ಹೊಡೆಯುತ್ತಿದ್ದದ್ದು ಅದೇ ಅಲ್ಲವೇ. ಇಲ್ಲಿ ಆ ನೀಲಿ ನೀರು ಉಜ್ಜಿದ ಉಕ್ಕಿಗೆ ತಾಗಿದ ಕೂಡಲೇ ತಾಮ್ರದ ತೆಳು ಪೊರೆ ಕೂತು ಮೈಯೆಲ್ಲ ಕೆಂಪಾಗುತ್ತಿತ್ತು. ಮೇಲೆ ಗೀರುಮೊಳೆಯಿಂದ ಎಳೆದರೆ ಬೆಳ್ಳಿಯಂಥ ಗೆರೆ.

ನನ್ನ ತೊಂದರೆ ಶುರುವಾದದ್ದು ಮೂಲೆಗಳಲ್ಲಿ. ಒಂದು ಮೈ ಸಪಾಟು ಮಾಡಿ, ಅದಕ್ಕೆ ಮಟ್ಟ ಇಟ್ಟು, ಪಕ್ಕದ ಮೈಯನ್ನು ಬೆಳಕು ನುಸುಳದ ಹಾಗೆ ಉಜ್ಜಿ ಕೂರಿಸಿದೆ. ಅದರ ಪಕ್ಕದ್ದನ್ನೂ ಕೂರಿಸಿದೆ. ಮೂರನೆಯದೂ ಕೂತಿತು. ನಾಲ್ಕನೆಯ ಮೂಲೆಗೆ ಮಟ್ಟ ಇಟ್ಟರೆ ಅಲಗಿನ ತುದಿಯಲ್ಲಿ ಅರ್ಧ ಮಿಲಿಮೀಟರು ಬಾಯಿ ಬಿಟ್ಟುಕೊಂಡಿದೆ! ಸರಿ, ಅದನ್ನು ಉಜ್ಜಿ ಕೂರಿಸಿದರೆ ಅದರ ಪಕ್ಕದ ಮೂಲೆ ಬಾಯಿ ತೆರೆಯಿತು. ಅದನ್ನು ಮುಚ್ಚಿದರೆ ಇನ್ನೊಂದು. ಹೀಗೆ ಆ ತೆರವು ತುಂಡಿನ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು, ನಾನು ಅದರ ಹಿಂದೆ ಅರ ಹಿಡಿದು ಓಡುತ್ತಿದ್ದೆ. ಐವತ್ತಿರಬೇಕಾದ ಅಳತೆ 49.2ಕ್ಕೆ ಇಳಿಯಿತು. ಸೋತು, ಮೂರು ಮೂಲೆ ಕೂತು ಒಂದು ತೆರೆದದ್ದನ್ನೇ ಒಪ್ಪಿಸಿದೆ.

ಇನ್‌ಸ್ಟ್ರಕ್ಟರು ತಮ್ಮ ಮಟ್ಟ ಇಟ್ಟು ನೋಡಿದರು. ಅದರಲ್ಲಿ ಒಂದು ಮೂಲೆಯೂ ಕೂರಲಿಲ್ಲ. “ಮಟ್ಟ ಇಟ್ಟು ನೋಡಿದ್ಯೇನೋ?” ಅಂದರು. “ನೋಡಿದೆ ಸಾರ್” ಅಂದೆ. ನಂಬಲಿಲ್ಲ. ಕೆಟ್ಟವರಲ್ಲ, ಬೈಯಲೂ ಇಲ್ಲ. ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿ, “ಎಲ್ಲರ ಕೈಗೂ ಒಲಿಯೋ ವಿದ್ಯೆ ಅಲ್ಲ ಬಿಡು” ಅಂದುಬಿಟ್ಟರು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಯೋಚಿಸಿ ನೋಡಿ: ಚತುರ್ಭುಜದ ನಾಲ್ಕು ಕೋನ ಕೂಡಿದರೆ 360 ಡಿಗ್ರಿ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವನು ನಾನು. ಮೂರು ಮೂಲೆ 90ಕ್ಕಿಂತ ಚೂರು ಹೆಚ್ಚುಕಮ್ಮಿಯಾದರೆ ಆ ವ್ಯತ್ಯಾಸವೆಲ್ಲ ನಾಲ್ಕನೆಯದರ ತಲೆಗೆ ಬೀಳಲೇಬೇಕು. ಮೂರು ಕೂತು ನಾಲ್ಕನೆಯದು ಪ್ರತಿ ಸಲವೂ ಬಾಯಿ ಬಿಡುತ್ತದೆ ಅಂದರೆ ಸುಳ್ಳು ಹೇಳುತ್ತಿರುವುದು ಮಟ್ಟ. ಹದಿನೇಳರ ಹುಡುಗನಿಗೆ ಇದು ಹೊಳೆಯಲಿಲ್ಲ. ಹೊಳಪಿದ್ದ ಉಕ್ಕಿನ ಮೇಲೆ ಅನುಮಾನ ಪಡುವುದಕ್ಕಿಂತ ತನ್ನ ಕೈ ಮೇಲೆ ಅನುಮಾನ ಪಡುವುದು ಅವನಿಗೆ ಸುಲಭವಾಗಿತ್ತು.

ಊರಿಗೆ ಒಯ್ದ ಆ ತುಂಡನ್ನು ಅಪ್ಪಯ್ಯ ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿದರು. “ಕಿಲೋಗೆ ಐವತ್ತು ಗ್ರಾಂ ಕಮ್ಮಿ ಉಂಟಲ್ಲ ಮಾರಾಯ” ಅಂದರು. ಎಣ್ಣೆಬಟ್ಟೆ ಸುತ್ತಿ, ಮಟ್ಟದ ಜೊತೆ ಟ್ರಂಕಿನ ತಳಕ್ಕೆ ಹಾಕಿದೆ.

ಟ್ರೇಡ್ ಪರೀಕ್ಷೆ ಹೇಗೋ ಪಾಸಾಯಿತು. ಕೆಲಸ ಸಿಕ್ಕಿದ್ದು ಗುಮಾಸ್ತೆಯದು, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕೃಪೆ. ಮುಂದಿನ ಮೂವತ್ತೇಳು ವರ್ಷ ಬೆಂಗಳೂರಿನಲ್ಲಿ ಲೆಡ್ಜರು, ಆಮೇಲೆ ಕಂಪ್ಯೂಟರು. ಆ ಅವಧಿಯ ಬಗ್ಗೆ ಇಲ್ಲಿ ಹೇಳುವಂಥದ್ದು ಏನೂ ಇಲ್ಲ. ಕೈ ಸುಮ್ಮನಿತ್ತು.

ನಿವೃತ್ತಿಯಾದ ಮೇಲೆ ಮತ್ತಿಕೆರೆಯ ಮನೆಯ ಮೆಟ್ಟಿಲ ಕೆಳಗೆ ಆರಡಿಗೆ ಎಂಟಡಿ ಜಾಗ ಖಾಲಿ ಮಾಡಿಸಿ ಒಂದು ಬೆಂಚು ಹಾಕಿದೆ. ಯಾಕೆಂದು ಕೇಳಿದವರಿಗೆ ಗೇಟಿನ ಅಗುಳಿ ರಿಪೇರಿಗೆ ಅಂದೆ. ಹತ್ತು ನಿಮಿಷದ ಅಗುಳಿಗೆ ಬೆಂಚು ಬೇಕೇ? ಇರಲಿ.

ಕೈಯಲ್ಲಿ ದುಡ್ಡಿರುವ, ಕಲಿತದ್ದನ್ನು ಮುಕ್ಕಾಲು ಮರೆತಿರುವ ಮನುಷ್ಯ ಉಪಕರಣ ಕೊಳ್ಳಲು ಹೊರಟರೆ ಏನಾಗುತ್ತದೋ ಅದೇ ಆಯಿತು. ಮೊದಲು ಕೊಂಡದ್ದು ಸ್ವಿಟ್ಜರ್ಲೆಂಡಿನ ವಲ್ಲೋರ್ಬ್ ಎಂಬ ಊರಿನಲ್ಲಿ ತಯಾರಾದ ಸೂಜಿ ಅರಗಳ ಸೆಟ್ಟು. ಗಡಿಯಾರ ರಿಪೇರಿಯವರು, ಅಕ್ಕಸಾಲಿಗರು ಬಳಸುವಂಥವು. ಪೆಟ್ಟಿಗೆ ತೆಗೆದು ನೋಡುವುದೇ ಒಂದು ಸುಖ. ಎರಡು ವರ್ಷ ಬರೀ ನೋಡಿದೆ; ಅವುಗಳಿಂದ ಮಾಡುವ ಕೆಲಸ ನನ್ನ ಹತ್ತಿರ ಒಂದೂ ಇರಲಿಲ್ಲ. ಎರಡನೆಯದು ಡಿಜಿಟಲ್ ಕ್ಯಾಲಿಪರ್. ಬೇಕಾದಾಗಲೆಲ್ಲ ಅದರ ಸೆಲ್ಲು ಸತ್ತಿರುತ್ತಿತ್ತು. ಎಲ್ಲದಕ್ಕಿಂತ ಮುಂಚೆ ಕೊಳ್ಳಬೇಕಾದ ಬೆಂಚ್ ವೈಸನ್ನು ಎಲ್ಲದರ ಕೊನೆಗೆ, ಉಳಿದ ದುಡ್ಡಿನಲ್ಲಿ ಕೊಂಡೆ. ನಾಲ್ಕು ಇಂಚಿನದು, ಕಡುನೀಲಿ ಬಣ್ಣ, ಹಗುರ. ಹಗುರವಾದದ್ದು ಒಳ್ಳೆಯದೆಂದೇ ಅಂದುಕೊಂಡಿದ್ದೆ, ಬಸ್ಸಿನಲ್ಲಿ ತರಬೇಕಲ್ಲ.

ಅದು ಮೂರು ತಿಂಗಳು ಬಾಳಿತು. 10 ಮಿಲಿಮೀಟರಿನ ಚೌಕ ಸರಳೊಂದನ್ನು ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸುತ್ತಿದ್ದೆ. ನಾಲ್ಕನೇ ಏಟಿಗೆ ಮುಂದಿನ ದವಡೆ ಬುಡಸಮೇತ ಕಾಲಿನ ಪಕ್ಕ ಬಿತ್ತು. ಒಡೆದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಬೀಡುಕಬ್ಬಿಣದ ಬೂದಿಬಣ್ಣದ ಹರಳು, ಅದರ ನಡುವೆ ಕಡಲೆಕಾಳಿನಷ್ಟು ದೊಡ್ಡ ಗುಳಿ, ಗುಳಿಯ ತುಂಬ ಲಪ್ಪ! ಎರಕದಲ್ಲಿ ಗಾಳಿ ನಿಂತು ಆದ ತೂತಿಗೆ ಮೆತ್ತಿ, ಉಜ್ಜಿ, ಮೇಲೆ ಆ ಚಂದದ ನೀಲಿ ಬಳಿದಿದ್ದರು. ತಪ್ಪು ನನ್ನದೂ ಇತ್ತು ಅನ್ನಿ. ಬೀಡುಕಬ್ಬಿಣ ಹಿಡಿತ ತಡೆಯುತ್ತದೆ, ಏಟು ತಡೆಯುವುದಿಲ್ಲ. ಬಗ್ಗಿಸುವ ಕೆಲಸಕ್ಕೆ ಅಡಿಗಲ್ಲು ಬೇರೆ ಇರಬೇಕು.

ಆ ಸದ್ದಿಗೆ ಕಾಂಪೌಂಡಿನ ಆಚೆಯಿಂದ ಇಣುಕಿದವರು ಪಕ್ಕದ ಮನೆಯ ಯಜಮಾನರು. ಜಾಲಹಳ್ಳಿಯ ಎಚ್ಎಂಟಿಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. 1953ರಲ್ಲಿ ಶುರುವಾದ ಆ ಕಾರ್ಖಾನೆಯನ್ನು ಈಗಿನವರು ಕೈಗಡಿಯಾರದಿಂದ ನೆನೆಯುತ್ತಾರೆ. ಅವರಿಗೆ ಅದು ಕೇಳಿದರೆ ಆಗದು. “ವಾಚು ಆಮೇಲೆ ಬಂದಿದ್ದು ರೀ, 61ರಲ್ಲಿ. ನಾವು ಲೇತ್ ಮಾಡೋರು” ಅನ್ನುತ್ತಾರೆ. ಅವರ ಕೆಲಸ ಸ್ಕ್ರೇಪಿಂಗ್. ಸಪಾಟು ತಟ್ಟೆಗೆ ನೀಲಿ ಹಚ್ಚಿ, ಅದನ್ನು ಲೇತಿನ ಹಾಸಿನ ಜಾರುವ ಮೈಗೆ ತಾಗಿಸಿ, ಎಲ್ಲೆಲ್ಲಿ ನೀಲಿ ಕೂತಿತೋ ಅಲ್ಲಲ್ಲಿ ಉಳಿಯಂಥದೊಂದು ಸ್ಕ್ರೇಪರಿನಿಂದ ಕೂದಲೆಳೆಗಿಂತ ತೆಳ್ಳಗೆ ಕೆರೆಯುವುದು, ಮತ್ತೆ ನೀಲಿ, ಮತ್ತೆ ಕೆರೆತ.

ವೈಸು ಕೊಳ್ಳುವುದು ಹೇಗೆಂದು ಅವರು ಕಲಿಸಿದ್ದು ಭಾನುವಾರದ ಗುಜರಿ ಬಜಾರಿನಲ್ಲಿ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು. ತುಕ್ಕು ನೋಡಿ ಹೆದರಬೇಡಿ, ಬಣ್ಣ ನೋಡಿ ಹೆದರಿ ಅಂದರು. ದವಡೆಯ ಎರಡೂ ತುದಿಗೆ ಒಂದೊಂದು ಚೂರು ಕಾಗದ ಕಚ್ಚಿಸಿ ಎಳೆದರು. ಎರಡೂ ಒಂದೇ ಬಿಗಿಯಲ್ಲಿ ಹರಿದರೆ ದವಡೆ ಸಮ. ಒಂದು ಜಾರಿ ಬಂದರೆ ಸೊಟ್ಟ. ಅರ್ಧ ತೆರೆದು ಮುಂದಿನ ದವಡೆಯನ್ನು ಮೇಲಕ್ಕೆತ್ತಿ ಎಷ್ಟು ಆಡುತ್ತದೆ ನೋಡಿದರು. ಹಿಡಿಕೆಯನ್ನು ಹಿಂದೆ ಮುಂದೆ ಮಾಡಿ ತಿರುಪು ಎಷ್ಟು ಸುತ್ತು ಖಾಲಿ ತಿರುಗುತ್ತದೆ ಎಂದು ಲೆಕ್ಕ ಹಾಕಿದರು. ಕೊನೆಗೆ ಇಡೀ ವೈಸನ್ನು ಮಗುಚಿ, ಅಡಿಯಲ್ಲಿ ಅವಿತಿರುವ ಬಾಕ್ಸ್ ನಟ್ಟಿಗೆ ಬೆರಳು ಹಾಕಿ ವೆಲ್ಡಿಂಗ್ ಗುರುತು ಉಂಟೋ ಎಂದು ತಡವಿದರು. ಮೂರು ಬಿಟ್ಟು ನಾಲ್ಕನೆಯದನ್ನು ಆರಿಸಿದೆವು. ಐದು ಇಂಚಿನದು, ಹೆಸರು ಸವೆದುಹೋಗಿದೆ, 19 ಕಿಲೋ ತೂಕ. ಕಬ್ಬಿಣದ ಲೆಕ್ಕದಲ್ಲೇ ಕೊಟ್ಟ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ಉಜ್ಜಿದ ಮೇಲೆ ಬೆಂಚಿಗೆ ಬಿಗಿದೆ. ಎತ್ತರದ ಲೆಕ್ಕ ಐಟಿಐಯದು, ಮರೆತಿರಲಿಲ್ಲ: ಮುಷ್ಟಿಯನ್ನು ಗದ್ದಕ್ಕೆ ಆನಿಸಿ ನಿಂತರೆ ಮೊಣಕೈ ವೈಸಿನ ನೆತ್ತಿಗೆ ತಾಗಬೇಕು.

ಅಲ್ಲಿಂದ ಮುಂದೆ ಸಾಮಾನುಗಳು ಬರಬೇಕಾದ ಕ್ರಮದಲ್ಲಿ ಬಂದವು. ಗರಗಸದ ಫ್ರೇಮು ಬ್ಲೇಡಿಗಿಂತ ಮುಖ್ಯವೆಂದು ಗೊತ್ತಾಯಿತು. ಬ್ಲೇಡು ವೀಣೆಯ ತಂತಿಯ ಹಾಗೆ ಬಿಗಿಯಬೇಕು, ಅಗ್ಗದ ಫ್ರೇಮು ಬಿಗಿದಷ್ಟೂ ತಾನೇ ಬಾಗುತ್ತದೆ. ಬ್ಲೇಡಿನಲ್ಲಿ ಇಂಚಿಗೆ 18, 24, 32 ಹಲ್ಲಿನವು ಮೂರನ್ನೂ ಇಟ್ಟುಕೊಂಡರೆ ಸಾಕು; ಕೊಯ್ಯುವ ಸಾಮಾನಿನ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲಾದರೂ ಇರಬೇಕು, ಇಲ್ಲವಾದರೆ ತೆಳು ತಗಡಿಗೆ ಸಿಕ್ಕಿಕೊಂಡು ಹಲ್ಲು ಉದುರುತ್ತವೆ. ಸುತ್ತಿಗೆ, ಸ್ಪ್ಯಾನರುಗಳ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ನಮ್ಮ ದೇಶದ ದೊಡ್ಡ ಕಂಪನಿಗಳದ್ದು ಯಾವುದಾದರೂ ನಡೆಯುತ್ತದೆ.

ಅರದ ವಿಷಯ ಹಾಗಲ್ಲ. ಅರ ನೋಡಲು ಎಲ್ಲ ಒಂದೇ. ಯಜಮಾನರು ಅಂಗಡಿಯಲ್ಲಿ ಅರವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿನ ಗುರಿ ನೋಡುವ ಹಾಗೆ ಉದ್ದಕ್ಕೂ ನೋಡುತ್ತಿದ್ದರು. ಹದ ಹಾಕುವಾಗ ತಿರುಚಿಕೊಂಡಿದ್ದರೆ ಅಲ್ಲೇ ತಿಳಿಯುತ್ತದೆ. ಚಪ್ಪಟೆ ಅರ ಪೂರ್ತಿ ಚಪ್ಪಟೆಯಿರುವುದಿಲ್ಲ, ಹೊಟ್ಟೆ ಬಂದ ಹಾಗೆ ತುಸು ಉಬ್ಬಿರಬೇಕು. ಆ ಉಬ್ಬು ಇದ್ದರೇ ನಮಗೆ ಬೇಕಾದ ಜಾಗವನ್ನಷ್ಟೇ ಮುಟ್ಟಲು ಬರುವುದು. ಆಮೇಲೆ ಕಿಟಕಿಯ ಕಡೆ ಓರೆ ಮಾಡಿ ಹಲ್ಲುಗಳ ಮೇಲೆ ಬೆಳಕು ಹರಿಸುವುದು. ಭತ್ತದ ಗದ್ದೆಯ ಮೇಲೆ ಗಾಳಿ ಹೋದ ಹಾಗೆ ಬೆಳಕು ಒಂದೇ ಸಮ ಸಾಗಬೇಕು, ಎಲ್ಲಾದರೂ ತಡವರಿಸಿತೋ ಅಲ್ಲಿ ಹಲ್ಲು ಮೊಂಡು. ಕೊನೆಗೆ ಬಾಲ ಹಿಡಿದು ತೂಗಿಬಿಟ್ಟು ಉಗುರಿನಿಂದ ತಟ್ಟಿದರು. ಠಣ್! ನನಗೆ ಅಂಗಡಿಯ ನಡುವೆಯೇ ಕಮ್ಮಾರಸಾಲೆಯ ಇದ್ದಿಲ ವಾಸನೆ ಬಂತು.

ಹತ್ತಿಂಚಿನ ಬಾಸ್ಟರ್ಡ್ ಒಂದು, ಎಂಟಿಂಚಿನ ಸೆಕೆಂಡ್ ಕಟ್ ಒಂದು, ಆರಿಂಚಿನ ಸ್ಮೂತ್ ಒಂದು, ಅರ್ಧಗುಂಡಿನದೊಂದು, ಮುಮ್ಮೂಲೆಯದೊಂದು. ಈ ಐದೇ. ಹೊಸತಿನಲ್ಲಿ ಹಿತ್ತಾಳೆಗೆ ಬಳಸುವುದು, ಚೂಪು ಇಳಿದ ಮೇಲೆ ಉಕ್ಕಿಗೆ. ಹಿತ್ತಾಳೆ ಮೊಂಡು ಹಲ್ಲಿಗೆ ಜಾರುತ್ತದೆ, ಉಕ್ಕು ತಡೆದುಕೊಳ್ಳುತ್ತದೆ. ಉಜ್ಜುವ ಮುಂಚೆ ಹಲ್ಲಿಗೆ ಸೀಮೆಸುಣ್ಣ ತಿಕ್ಕಿದರೆ ರಜ ಸಿಕ್ಕಿಕೊಂಡು ಗೀರು ಬೀಳುವುದು ಕಮ್ಮಿ. ಒಂದರ ಮೇಲೊಂದು ಹಾಕಿಡಬಾರದು; ಹಾಕಿಟ್ಟರೆ ರಾತ್ರಿಯೆಲ್ಲ ಒಂದನ್ನೊಂದು ಕಚ್ಚಿ ತಿನ್ನುತ್ತವೆ ಎಂದು ಐಟಿಐಯಲ್ಲಿ ಹೆದರಿಸುತ್ತಿದ್ದರು. ಹಿಡಿಯನ್ನು ಊರಿನ ಬೀಟೆ ತುಂಡಿನಿಂದ ನಾನೇ ಮಾಡಿಕೊಂಡೆ. ಹಿಡಿಯಿಲ್ಲದ ಅರ ಹಿಡಿದು ಅಂಗೈಗೆ ಬಾಲ ಚುಚ್ಚಿಸಿಕೊಂಡ ಸಹಪಾಠಿಯೊಬ್ಬನ ನೆನಪು ಇನ್ನೂ ಇದೆ.

ಒಳ್ಳೆ ವೈಸು, ಒಳ್ಳೆ ಅರ ಬಂದ ಮೇಲೆ ಒಂದು ಮಧ್ಯಾಹ್ನ ಟ್ರಂಕು ತೆಗೆದೆ. ಮೂಲೆಮಟ್ಟ ಹಳದಿ ಕಾಗದದಲ್ಲೇ ಇತ್ತು. ಬೆಂಚಿಗೆ ತಂದಿಟ್ಟೆ. ಸಂಜೆ ಯಜಮಾನರು ಕಾಫಿಗೆ ಬಂದವರು ಅದನ್ನೆತ್ತಿ, ನನ್ನನ್ನು ಏನೂ ಕೇಳದೆ, ಅಲ್ಯೂಮಿನಿಯಂ ತಗಡೊಂದರ ನೇರ ಅಂಚಿಗೆ ಬುಡ ಒತ್ತಿ ಅಲಗಿನ ಗುಂಟ ಗೆರೆ ಎಳೆದರು. ಮಟ್ಟವನ್ನು ಮಗುಚಿ ಅದೇ ಚುಕ್ಕಿಯಿಂದ ಇನ್ನೊಂದು ಗೆರೆ ಎಳೆದರು. ಮಟ್ಟ ಸರಿಯಿದ್ದರೆ ಎರಡೂ ಒಂದೇ ಗೆರೆ. ಇವು ಚುಕ್ಕಿಯಲ್ಲಿ ಹುಟ್ಟಿ, 100 ಮಿಲಿಮೀಟರು ಮೇಲೆ ಹೋಗುವಷ್ಟರಲ್ಲಿ ಅರ್ಧ ಮಿಲಿಮೀಟರು ದೂರ ಸರಿದಿದ್ದವು. ತಪ್ಪು ಅದರ ಅರ್ಧ, ಕಾಲು ಮಿಲಿಮೀಟರು. ಮಗುಚಿದಾಗ ತಪ್ಪು ಇಮ್ಮಡಿಯಾಗಿ ಕಾಣುತ್ತದೆ, ಉಪಾಯ ಅಷ್ಟೇ. ಇನ್ನೊಂದು ಮಟ್ಟ ಬೇಡ, ಲ್ಯಾಬು ಬೇಡ. ಅದರ ಸುಳ್ಳನ್ನು ಅದೇ ಒಪ್ಪಿಕೊಳ್ಳುತ್ತದೆ.

“ನಮ್ಮ ಸ್ಕ್ರೇಪಿಂಗಿನಲ್ಲೂ ಇದೇ” ಅಂದರು. ಒಂದು ತಟ್ಟೆ ಸಪಾಟಾಗಿದೆಯೋ ತಿಳಿಯಲು ಮೂರು ತಟ್ಟೆ ಮಾಡಬೇಕಂತೆ. ಎರಡೇ ಇದ್ದರೆ ಒಂದು ಉಬ್ಬಿ ಇನ್ನೊಂದು ತಗ್ಗಿ ಚೆನ್ನಾಗಿಯೇ ಕೂಡಿಕೊಳ್ಳುತ್ತವೆ, ಜಗಳವಿಲ್ಲದೆ. ಮೂರನೆಯದು ಬಂದು ಮೂರೂ ಒಂದಕ್ಕೊಂದು ಕೂಡಬೇಕೆಂದರೆ ಸಪಾಟಾಗದೆ ಬೇರೆ ದಾರಿಯಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ 1840ರಲ್ಲಿ ಈ ಕ್ರಮವನ್ನು ಎಂಜಿನಿಯರುಗಳ ಮುಂದೆ ವಿವರಿಸಿದನಂತೆ.

ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. “ಇದು ಯಾವಾಗಿನಿಂದ ಹೀಗಿರಬಹುದು?” ಅಂದೆ. “ಹೇಳಕ್ಕಾಗಲ್ಲ. ಹುಟ್ಟುತ್ತಲೇ ಇರಬಹುದು. ನಲವತ್ತು ವರ್ಷದಲ್ಲಿ ಒಂದು ಸಲ ಬಿದ್ದಿದ್ದರೂ ಸಾಕು” ಅಂದರು. ಅದೂ ನಿಜವೇ. ಎಷ್ಟು ಬಾಡಿಗೆ ಮನೆ ಬದಲಿಸಿದ ಟ್ರಂಕು ಅದು.

ಅವರು ಹೋದ ಮೇಲೆ ಟ್ರಂಕಿನಲ್ಲಿದ್ದ ಆ ಹಳೆಯ ತುಂಡಿನ ಎಣ್ಣೆಬಟ್ಟೆ ಬಿಚ್ಚಿದೆ. ಎರಡು ಮೈಗೆ ತುಕ್ಕು ಹತ್ತಿತ್ತು, ಮೂಲೆಗಳು ಚೆನ್ನಾಗಿದ್ದವು. ಪಂಚ್ ಮಾಡಿದ ನನ್ನ ರೋಲ್ ನಂಬರು ಕಾಣುತ್ತಿತ್ತು. ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ಹಳೆಯ ಮಟ್ಟವನ್ನೇ ಇಟ್ಟೆ. ಮೊದಲ ಮೂಲೆ: ಬೆಳಕಿಲ್ಲ. ಎರಡನೆಯದು: ಬೆಳಕಿಲ್ಲ. ಮೂರನೆಯದರಲ್ಲಿ ತುದಿಗೆ ಎಳೆಯಷ್ಟು, ತುಕ್ಕಿನ ಪುಡಿ ಒರೆಸಿದ ಮೇಲೆ ಅದೂ ಇಲ್ಲ. ನಾಲ್ಕನೆಯದಕ್ಕೆ ಇಡುವಾಗ ಕೈ ಅದುರಿತು. ಅಲಗಿನ ತುದಿಯಲ್ಲಿ ಅರ್ಧ ಮಿಲಿಮೀಟರಿನ ಫೀಲರ್ ಗೇಜು ಸಲೀಸಾಗಿ ಒಳಗೆ ಹೋಯಿತು.

ಮಟ್ಟ ಬಿದ್ದು ಕೆಟ್ಟದ್ದಲ್ಲ. ಕೊಂಡ ದಿನವೇ ಹಾಗಿತ್ತು. ಆ ಹುಡುಗ ಅದು ಹೇಳಿದ ಹಾಗೆಯೇ, ಬೆಳಕು ನುಸುಳದಷ್ಟು ಚೊಕ್ಕವಾಗಿ, ಮೂರು ಮೂಲೆಗಳನ್ನು ತಪ್ಪು ಕೋನಕ್ಕೆ ಉಜ್ಜಿ ಕೂರಿಸಿದ್ದ. ಅಷ್ಟು ಚೊಕ್ಕವಾಗಿ ಇವತ್ತಿಗೂ ನನಗೆ ಬರುವುದಿಲ್ಲ. ರಾತ್ರಿ ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲವೆಂದು ಹೆಂಡತಿಯೇ ಬಂದು ನೋಡಿದಳು. “ಯಾಕೆ, ಏನಾಯ್ತು?” ಅಂದಳು. ಏನೆಂದು ಹೇಳುವುದು?

ಕಳೆದ ತಿಂಗಳು ಅಣ್ಣನ ಮೊಮ್ಮಗ ಡಿಪ್ಲೊಮಾ ಸೇರಿದ. ಅವನಿಗೆಂದು ಒಂದು ಮಟ್ಟ ತರಲು ಎಸ್‌ಪಿ ರೋಡಿಗೆ ಹೋದೆ. ಅಂಗಡಿಯ ಹುಡುಗ ಮೂರು ತೆಗೆದಿಟ್ಟ. ಕೌಂಟರಿನ ಗಾಜಿನ ಅಂಚಿಗೆ ಸಮನಾಗಿ ಬಿಲ್ಲಿನ ಹಾಳೆ ಅಂಟಿಸಿ, ಚೂಪು ಪೆನ್ಸಿಲಿನಿಂದ ಒಂದೊಂದಕ್ಕೂ ಎರಡೆರಡು ಗೆರೆ ಎಳೆದೆ. ಹಿಂದೆ ನಿಂತ ಗಿರಾಕಿಗಳು ಗೊಣಗಿದರು. ಮೊದಲನೆಯದು ಪರವಾಗಿಲ್ಲ. ಎರಡನೆಯದರ ಗೆರೆಗಳು ಒಂದರೊಳಗೊಂದು ಮುಳುಗಿದವು. ಮೂರನೆಯದರವು ದಾರಿ ಕವಲೊಡೆದ ಹಾಗೆ ಬೇರೆಯಾದವು. ಎರಡನೆಯದನ್ನು ಕೊಡು ಅಂದೆ. ಹುಡುಗ ಉಳಿದ ಎರಡನ್ನೂ ಕಾಗದ ಸುತ್ತಿ ಡಬ್ಬಿಗೆ ಹಾಕತೊಡಗಿದ.

“ಅದೊಂದು ಸರಿಯಿಲ್ಲಪ್ಪ, ಬೇರೆ ಇಡು.”

“ಪರವಾಗಿಲ್ಲ ಬಿಡಿ ಸಾರ್, ಯಾರಾದ್ರೂ ಸ್ಟೂಡೆಂಟ್ಸ್ ತಗೋತಾರೆ.”

ಚಿಲ್ಲರೆ ಎಣಿಸಿಕೊಂಡು ಹೊರಟುಬಂದೆ. ಅದನ್ನೂ ಕೊಂಡು ಗುಜರಿಗೆ ಹಾಕಿಬಿಡಬಹುದಿತ್ತು ಎಂದು ಹೊಳೆದದ್ದು ಬಸ್ಸು ಮಲ್ಲೇಶ್ವರ ದಾಟಿದ ಮೇಲೆ.